ಬೆನ್ನುನೋವಿಗೆ ಆಸನ ಸರಿ, ಬೆನ್ನು ಮುರಿಯುವ ದುಡಿಮೆಗೆ?

ಗಿರಣಿಯ ಪಾಳಿ ಬಿಡುವ ವೇಳೆಗೆ ಗೇಟಿನ ಬಳಿ ನಿಂತು ನೋಡಿದರೆ ಸಾಕು, ದುಡಿಯುವ ಜನರ ಆರೋಗ್ಯದ ವರದಿ ಕಣ್ಣಿಗೆ ಬೀಳುತ್ತದೆ. ಒಬ್ಬರ ಕೈ ಸೊಂಟದ ಮೇಲೆ, ಮತ್ತೊಬ್ಬರ ಕೈ ಕತ್ತಿನ ಹಿಂದೆ. ಎಂಟು ಗಂಟೆ ಯಂತ್ರದ ಮುಂದೆ ನಿಂತವರು ಹತ್ತು ಹೆಜ್ಜೆ ನಡೆದ ಮೇಲೆಯೇ ಬೆನ್ನು ನೆಟ್ಟಗೆ ಮಾಡುತ್ತಾರೆ. ಪೇಟೆಯ ಕಡೆ ಬಂದರೆ ದಿನಸಿ ಅಂಗಡಿಯವರು ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕುಳಿತು, ಏಳುವಾಗ ಗೋಡೆ ಹಿಡಿದು ಏಳುತ್ತಾರೆ. ಮಂಡಿಯ ಹಮಾಲರ ವಿಷಯ ಹೇಳುವುದೇ ಬೇಡ. ಕರಾವಳಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕತ್ತು, ಭುಜ, ಸೊಂಟ ಮೂರೂ ಒಟ್ಟಿಗೆ ನೋಯುತ್ತವೆ.

ಇಂಥ ನೋವು ಹಳೆಯದಾದಾಗ ಜನರಿಗೆ ಸಿಗುವ ಚಿಕಿತ್ಸೆ ಯಾವುದು? ಔಷಧದ ಅಂಗಡಿಯಲ್ಲಿ ಡಾಕ್ಟರ ಚೀಟಿಯಿಲ್ಲದೆ ಕೊಂಡ ಒಂದು ಗುಳಿಗೆ, ನೋವು ಹೆಚ್ಚಾದ ದಿನ ಒಂದು ಸೂಜಿ. ವರ್ಷಗಟ್ಟಲೆ ನುಂಗಿದ ಈ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಇದಕ್ಕೆ ಈಗ ಇನ್ನೊಂದು ಸಲಹೆ ಎಲ್ಲ ಕಡೆಯಿಂದ ಕೇಳಿಬರುತ್ತಿದೆ: "ಯೋಗ ಮಾಡಿ, ಧ್ಯಾನ ಮಾಡಿ, ನೋವು ತಾನಾಗಿ ಹೋಗುತ್ತದೆ."

ಈ ಸಲಹೆಗೆ ನಮ್ಮ ಜನರಲ್ಲಿ ಎರಡು ಬಗೆಯ ಉತ್ತರಗಳಿವೆ. "ಇದು ಹೊಟ್ಟೆ ತುಂಬಿದವರ ವಿಲಾಸ, ದುಡಿದು ಸತ್ತವನಿಗೆ ಮತ್ತೆ ಕಸರತ್ತು ಏಕೆ?" ಎನ್ನುವವರು ಒಂದು ಕಡೆ. "ಋಷಿಗಳು ಕೊಟ್ಟ ವಿದ್ಯೆ, ಇದರಿಂದ ವಾಸಿಯಾಗದ ಕಾಯಿಲೆಯೇ ಇಲ್ಲ" ಎನ್ನುವವರು ಇನ್ನೊಂದು ಕಡೆ. ಎರಡು ಉತ್ತರಗಳೂ ವಿಚಾರಕ್ಕೆ ನಿಲ್ಲುವುದಿಲ್ಲ. ಯೋಗ, ಧ್ಯಾನಗಳಿಂದ ಹಳೆಯ ನೋವಿಗೆ ಸ್ವಲ್ಪ ಮಟ್ಟಿನ, ಆದರೆ ನಿಜವಾದ ಉಪಶಮನ ಉಂಟು. ದುಡ್ಡಿಲ್ಲದೆ ಕಲಿಯಬಹುದಾದ ಈ ಉಪಾಯವನ್ನು ದುಡಿಯುವವರು ಬಿಟ್ಟುಕೊಡಬಾರದು. ಅದೇ ವೇಳೆ, ನೋವನ್ನು ಹುಟ್ಟಿಸುವ ದುಡಿಮೆಯ ರೀತಿಯನ್ನು ಹಾಗೆಯೇ ಉಳಿಸಿಕೊಳ್ಳಲು ಇದನ್ನು ಯಾರೂ ನೆಪ ಮಾಡಲು ಬಿಡಬಾರದು. ಈ ಎರಡು ಮಾತುಗಳನ್ನು ಆಧಾರ ಸಹಿತ ವಿವರಿಸುವುದೇ ಈ ಲೇಖನದ ಉದ್ದೇಶ.

ಹಳೆಯ ನೋವು ಎಂದರೇನು?

ಕೈಗೆ ಪೆಟ್ಟು ಬಿದ್ದರೆ ನೋಯುತ್ತದೆ. ಗಾಯ ಮಾಯ್ದರೆ ನೋವೂ ಹೋಗುತ್ತದೆ. ಈ ನೋವು ಕಾವಲುಗಾರನಿದ್ದಂತೆ. ಅಪಾಯ ಬಂತೆಂದು ಕೂಗುತ್ತಾನೆ, ಅಪಾಯ ಹೋದ ಮೇಲೆ ಸುಮ್ಮನಾಗುತ್ತಾನೆ. ಆದರೆ ಮೂರು ತಿಂಗಳು ದಾಟಿದರೂ ನಿಲ್ಲದ ನೋವನ್ನು ವೈದ್ಯಶಾಸ್ತ್ರ ಬೇರೆಯಾಗಿಯೇ ಎಣಿಸುತ್ತದೆ. ಇಲ್ಲಿ ಕಾವಲುಗಾರನೇ ಕೆಟ್ಟಿದ್ದಾನೆ. ಇಲಿ ಓಡಿದರೂ ಕಳ್ಳ ಬಂದನೆಂದು ಕೂಗುತ್ತಾನೆ. ನರಗಳು ಅತಿ ಸೂಕ್ಷ್ಮವಾಗಿ, ಸಣ್ಣ ಅಲುಗಾಟವೂ ದೊಡ್ಡ ನೋವಾಗಿ ಮಿದುಳಿಗೆ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟದ ಬೆನ್ನುನೋವು ಇತ್ತು. ಜನರನ್ನು ದುಡಿಮೆಗೆ ಅಸಮರ್ಥರನ್ನಾಗಿ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು.

ನೋವು ಬರೀ ಮೂಳೆ ಮಾಂಸದ ವಿಷಯವಲ್ಲ ಎಂಬುದಕ್ಕೆ ಒಂದು ಹಳೆಯ ಸಾಕ್ಷಿ ಇದೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಕೆಲಸ ಮಾಡಿದ ಹೆನ್ರಿ ಬೀಚರ್ ಎಂಬ ಅಮೆರಿಕದ ಡಾಕ್ಟರು 1946ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಭಾರಿ ಗಾಯಗಳಾಗಿದ್ದ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿನ ಮದ್ದು ಬೇಡವೆಂದರಂತೆ. ಗಾಯವೆಂದರೆ ಅವರಿಗೆ ಸಾವಿನಿಂದ ಬಿಡುಗಡೆ, ಮನೆಗೆ ಹೋಗಲು ರಹದಾರಿ. ಊರಿನಲ್ಲಿ ಅಷ್ಟೇ ಗಾಯವಾದವನಿಗೆ ಅದೇ ಗಾಯ ಕೆಲಸ ಹೋಗುವ ಭಯ, ಸಂಸಾರ ನಡೆಯದ ಭಯ. ಗಾಯ ಒಂದೇ ಆದರೂ ಅದರ ಅರ್ಥ ಬೇರೆಯಾದಾಗ ನೋವಿನ ಅಳತೆಯೂ ಬೇರೆಯಾಯಿತು.

1965ರಲ್ಲಿ ಮೆಲ್ಝ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಗೇಟಿನಂಥ ಏರ್ಪಾಡು ಇದೆ. ಕೆಳಗಿನಿಂದ ಬರುವ ನೋವಿನ ಸುದ್ದಿ ಎಷ್ಟು ಒಳಗೆ ಹೋಗಬೇಕೆಂಬುದನ್ನು ಮೇಲಿನಿಂದ ಮಿದುಳು ಕೂಡ ನಿಯಂತ್ರಿಸುತ್ತದೆ ಎಂದರು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ನೋವು ಏಕೆ ಕಡಿಮೆಯಾಗುತ್ತದೆಂಬುದಕ್ಕೂ ಇದರಲ್ಲಿ ಉತ್ತರವಿತ್ತು. ಈ ವಿವರಣೆಯ ಎಷ್ಟೋ ಅಂಶಗಳು ಮುಂದೆ ತಿದ್ದುಪಡಿಯಾದವು. ಮನಸ್ಸಿನ ಸ್ಥಿತಿ ನೋವನ್ನು ಏರಿಸಬಲ್ಲದು, ಇಳಿಸಬಲ್ಲದು ಎಂಬ ಮೂಲ ಮಾತು ಮಾತ್ರ ನಿಂತಿದೆ.

ಇದನ್ನು ಕೇಳಿ ಯಾರೂ ತಪ್ಪು ತಿಳಿಯಬಾರದು. ನೋವು ಮನಸ್ಸಿನ ಮೂಲಕ ಬರುತ್ತದೆಂದರೆ ನೋವು ಸುಳ್ಳು ಎಂದಲ್ಲ. "ಫೋಟೋದಲ್ಲಿ ಏನೂ ಕಾಣುವುದಿಲ್ಲ, ನಾಟಕ ಮಾಡುತ್ತಾನೆ" ಎಂದು ಕಾರ್ಮಿಕನನ್ನು ಹೀಯಾಳಿಸುವ ಮೇಲ್ವಿಚಾರಕರಿದ್ದಾರೆ. ಬೆನ್ನಿನ ಚಿತ್ರಕ್ಕೂ ನೋವಿಗೂ ನೇರವಾದ ಲೆಕ್ಕವೇ ಇಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಯಾವ ನೋವೂ ಇಲ್ಲದ ನಲವತ್ತರ ವಯಸ್ಸಿನವರಲ್ಲಿ ಕೂಡ 100ಕ್ಕೆ 68 ಜನರ ಬೆನ್ನುಮೂಳೆಯ ಬಿಲ್ಲೆಗಳಲ್ಲಿ ಸವೆತ ಕಾಣುತ್ತದೆ. ಚಿತ್ರದಲ್ಲಿ ಸವೆತ ಕಂಡಿತೆಂದು ಹೆದರಿ ಮಂಚ ಹಿಡಿಯಬೇಕಾಗಿಲ್ಲ. ಚಿತ್ರ ಸರಿಯಾಗಿದೆಯೆಂದು ನೋವನ್ನು ಅಲ್ಲಗಳೆಯಲೂ ಆಗದು.

ಪರೀಕ್ಷೆಗಳು ಏನು ಹೇಳುತ್ತವೆ?

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ವೂಸ್ಟರ್ ಎಂಬ ಕಾರ್ಖಾನೆಗಳ ಊರು ಇದೆ. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಜಾನ್ ಕಬಟ್-ಝಿನ್ ಎಂಬ ಜೀವವಿಜ್ಞಾನಿ ಒಂದು ತರಗತಿ ತೆರೆದರು. ಔಷಧಗಳಿಂದ ಗುಣ ಕಾಣದ ಹಳೆಯ ನೋವಿನ ರೋಗಿಗಳನ್ನು ಡಾಕ್ಟರುಗಳು ಇವರಲ್ಲಿಗೆ ಕಳುಹಿಸತೊಡಗಿದರು. ಇವರು ಬೌದ್ಧರ ಧ್ಯಾನ ಕ್ರಮವನ್ನೂ ನಮ್ಮ ಹಠಯೋಗದ ಸುಲಭ ಆಸನಗಳನ್ನೂ ತೆಗೆದುಕೊಂಡು, ಮಂತ್ರ, ಪೂಜೆ, ದೀಕ್ಷೆಗಳನ್ನು ಬಿಟ್ಟು, ಶಾಲೆಯ ಪಾಠದಂತೆ ಕಲಿಸಿದರು. 1982ರಲ್ಲಿ 51 ರೋಗಿಗಳ ಫಲಿತಾಂಶ ಪ್ರಕಟವಾಯಿತು. 100ಕ್ಕೆ 65 ಜನರಲ್ಲಿ ನೋವಿನ ಅಳತೆ ಮೂರನೆಯ ಒಂದು ಪಾಲಿನಷ್ಟಾದರೂ ಇಳಿದಿತ್ತು. ಆದರೆ ಹೋಲಿಸಿ ನೋಡಲು ಪಾಠ ಕೇಳದ ಇನ್ನೊಂದು ಗುಂಪು ಆಗ ಇರಲಿಲ್ಲ. ಆದ್ದರಿಂದ ಅದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ.

ಹೋಲಿಕೆಯ ಪರೀಕ್ಷೆಗಳು ಮುಂದೆ ಬಂದವು. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಹಳೆಯ ಬೆನ್ನುನೋವಿನ 342 ಜನರ ಮೇಲೆ ನಡೆದ ಪರೀಕ್ಷೆಯ ವಿವರ ಹೊರಬಂತು. ಧ್ಯಾನ ಮತ್ತು ಯೋಗದ ಈ ಪಾಠ ಕೇಳಿದವರಲ್ಲಿ 26 ವಾರಗಳ ಬಳಿಕ 100ಕ್ಕೆ 60 ಜನರಿಗೆ ದಿನನಿತ್ಯದ ಓಡಾಟ, ಕೆಲಸಗಳಲ್ಲಿ ಸುಧಾರಣೆ ಕಂಡಿತು. ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಇದು 100ಕ್ಕೆ 44. ನೋವಿನ ಕಾಟ ತಗ್ಗಿದವರು ಪಾಠ ಕೇಳಿದವರಲ್ಲಿ 100ಕ್ಕೆ ಸುಮಾರು 44, ಉಳಿದವರಲ್ಲಿ ಸುಮಾರು 27. ಪಾಠ ಕೇಳಿದ ನೂರರಲ್ಲಿ ಐವತ್ತಕ್ಕೂ ಹೆಚ್ಚು ಜನರಿಗೆ ನೋವಿನ ಕಾಟ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾದದ್ದು ಬಾಸ್ಟನ್ ನಗರದ ಪರೀಕ್ಷೆ. 2017ರಲ್ಲಿ ಪ್ರಕಟವಾದ ಇದರಲ್ಲಿದ್ದ 320 ಜನರಲ್ಲಿ ಬಹುಪಾಲು ಬಡವರು, ಕರಿಯರು, ವಲಸೆ ಬಂದವರು. ಒಂದು ಗುಂಪಿಗೆ ವಾರಕ್ಕೊಂದರಂತೆ 12 ವಾರ ಯೋಗ ಕಲಿಸಿದರು. ಒಂದು ಗುಂಪಿಗೆ ಆಸ್ಪತ್ರೆಯ ಅಂಗಸಾಧನೆಯ ಚಿಕಿತ್ಸೆ ಕೊಟ್ಟರು. ಮೂರನೆಯ ಗುಂಪಿಗೆ ಪುಸ್ತಕ ಕೊಟ್ಟರು. ಯೋಗದ ಗುಂಪು ಚಿಕಿತ್ಸೆಯ ಗುಂಪಿಗಿಂತ ಹಿಂದೆ ಬೀಳಲಿಲ್ಲ. ಪುಸ್ತಕದ ಗುಂಪಿಗಿಂತ ಈ ಎರಡು ಗುಂಪಿನವರೂ ನೋವಿನ ಗುಳಿಗೆಗಳನ್ನು ಕಡಿಮೆ ತೆಗೆದುಕೊಂಡರು. ಬಡವರಿಗೆ, ದುಡಿಯುವವರಿಗೆ ಯೋಗ ಒಗ್ಗದೆಂಬ ಮಾತು ಇದರಿಂದ ಬಿದ್ದುಹೋಯಿತು.

ನಮ್ಮ ನಾಡಿನಲ್ಲೇ, ಬೆಂಗಳೂರಿನ ಹತ್ತಿರ ಜಿಗಣಿಯ ಬಳಿಯ ಪ್ರಶಾಂತಿ ಕುಟೀರದಲ್ಲಿ ಹಳೆಯ ಬೆನ್ನುನೋವಿನ 80 ಜನರನ್ನು ಎರಡು ಗುಂಪು ಮಾಡಿ ಒಂದು ವಾರ ಅಲ್ಲೇ ಇರಿಸಿಕೊಂಡು ನಡೆಸಿದ ಪರೀಕ್ಷೆ 2008ರಲ್ಲಿ ಪ್ರಕಟವಾಯಿತು. ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರ ಬೆನ್ನು ಹೆಚ್ಚು ಬಳುಕುವಂತಾಯಿತು, ಅಸಮರ್ಥತೆ ಹೆಚ್ಚು ಇಳಿಯಿತು. ಸಂತೋಷ. ಆದರೆ ಒಂದು ವಾರ ಕೂಲಿ ಬಿಟ್ಟು ಆಶ್ರಮದಲ್ಲಿರಲು ಯಾವ ಹಮಾಲನಿಗೆ ಸಾಧ್ಯ? ಈ ಪ್ರಶ್ನೆಗೆ ಮುಂದೆ ಬರೋಣ.

ಇನ್ನು ತಕ್ಕಡಿಯ ಇನ್ನೊಂದು ತಟ್ಟೆ. ಇಂಗ್ಲೆಂಡಿನಲ್ಲಿ 313 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯೋಗ ಕಲಿತವರ ಓಡಾಟ, ಕೆಲಸ ಸುಧಾರಿಸಿತು; ನೋವಿನ ಅಳತೆಯಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ 228 ಜನರ ಪರೀಕ್ಷೆಯಲ್ಲಿ ಯೋಗದ ತರಗತಿಗೂ ಸ್ನಾಯು ಹಿಗ್ಗಿಸುವ ಸಾಮಾನ್ಯ ವ್ಯಾಯಾಮದ ತರಗತಿಗೂ ಫಲ ಹೆಚ್ಚು ಕಡಿಮೆ ಒಂದೇ ಆಯಿತು. 2022ರಲ್ಲಿ 21 ಪರೀಕ್ಷೆಗಳನ್ನು, ಅಂದರೆ 2,223 ಜನರ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದವರು ತೀರ್ಮಾನ ಕೊಟ್ಟರು: ಏನೂ ಮಾಡದವರಿಗಿಂತ ಯೋಗ ಮಾಡಿದವರಿಗೆ ಸ್ವಲ್ಪ ಗುಣವುಂಟು, ಬೇರೆ ವ್ಯಾಯಾಮಕ್ಕೂ ಯೋಗಕ್ಕೂ ಅಷ್ಟೇನೂ ಅಂತರವಿಲ್ಲ, ಕೆಲವರಿಗೆ ಬೆನ್ನುನೋವು ಹೆಚ್ಚಾದದ್ದೂ ಉಂಟು.

ಇದರ ಅರ್ಥವೇನು? ಆಸನದಲ್ಲಿ ಮಾಯೆಯಿಲ್ಲ. ಹೆದರಿಕೆ ಬಿಟ್ಟು ಶರೀರವನ್ನು ಅಲುಗಾಡಿಸುವುದು, ಉಸಿರನ್ನು ನಿಧಾನಗೊಳಿಸುವುದು, ನಾಲ್ಕು ಜನರ ಜೊತೆಯಲ್ಲಿ ವಾರ ವಾರ ತಪ್ಪದೆ ಮಾಡುವುದು, ಇವೇ ಗುಣ ಕೊಡುವ ಅಂಶಗಳು. ವಾಸಿಯಾಗದ ಕಾಯಿಲೆಯೇ ಇಲ್ಲವೆಂದು ಸಾರುವವರು ಯೋಗಕ್ಕೇ ಅಪಚಾರ ಮಾಡುತ್ತಾರೆ. ಅಷ್ಟು ಆಸೆ ಹುಟ್ಟಿಸಿದ ಮೇಲೆ, ಎರಡು ವಾರದಲ್ಲಿ ನೋವು ಹೋಗದಿದ್ದರೆ ಕಾರ್ಮಿಕ ಎಲ್ಲವನ್ನೂ ಬಿಟ್ಟು ಮತ್ತೆ ಗುಳಿಗೆಯ ಅಂಗಡಿಗೆ ಹೋಗುತ್ತಾನೆ.

ಇದು ಯಾರ ಸೊತ್ತು?

ಯೋಗವೆಂದರೆ ಮಠದವರದು, ಮೇಲಿನವರದು ಎಂದು ದೂರ ನಿಲ್ಲುವವರು ನಮ್ಮಲ್ಲಿ ಇನ್ನೂ ಇದ್ದಾರೆ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮಹಾರಾಜರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು; 1934ರಲ್ಲಿ "ಯೋಗ ಮಕರಂದ" ಎಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದರು. ಅವರಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಬಡ ಸಂಸಾರದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತ ಜ್ವರ, ಕ್ಷಯಗಳಿಂದ ನರಳಿದ ಶರೀರ ಅವರದು. ಮುಂದೆ ಪುಣೆಯಲ್ಲಿ ನೆಲೆಸಿ, ಬಗ್ಗಲಾರದವರೂ ಆಸನ ಮಾಡಲೆಂದು ಕುರ್ಚಿ, ಹಗ್ಗ, ಮರದ ದಿಮ್ಮಿ, ಕಂಬಳಿಗಳ ಆಸರೆಯ ಕ್ರಮವನ್ನು ಬಳಕೆಗೆ ತಂದರು. ಶರೀರವನ್ನು ಆಸನಕ್ಕೆ ಬಲವಂತವಾಗಿ ಬಗ್ಗಿಸದೆ, ಆಸನವನ್ನೇ ಶರೀರಕ್ಕೆ ಹೊಂದಿಸಿದ ಈ ಕ್ರಮ ದುಡಿದು ಬಿಗಿತುಹೋದ ಮೈಗೆ ತಕ್ಕದ್ದು.

ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಉದಾಹರಣೆ ಇದೆ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ವರ್ತಕರ ಮನೆತನದವರು. ತಡೆಯಲಾರದ ಅರೆತಲೆನೋವಿಗೆ ದೇಶವಿದೇಶಗಳ ಡಾಕ್ಟರುಗಳಿಂದ ಪರಿಹಾರ ಸಿಗದೆ, 1955ರಲ್ಲಿ ಊ ಬಾ ಖಿನ್ ಎಂಬ ಸರಕಾರಿ ಲೆಕ್ಕಾಧಿಕಾರಿಯಲ್ಲಿ ವಿಪಶ್ಯನ ಧ್ಯಾನ ಕಲಿತರು. ಬರೀ ತಲೆನೋವು ಕಳೆಯುವುದಕ್ಕಾದರೆ ಕಲಿಸುವುದಿಲ್ಲವೆಂದು ಗುರುಗಳು ಮೊದಲು ಒಪ್ಪಿರಲಿಲ್ಲವೆಂದು ಗೋಯೆಂಕಾ ಅವರೇ ಹೇಳಿದ್ದಾರೆ. 1969ರಲ್ಲಿ ಭಾರತಕ್ಕೆ ಬಂದು, ಜಾತಿ ಮತ ಕೇಳದೆ, ಶುಲ್ಕವಿಲ್ಲದೆ ಶಿಬಿರಗಳನ್ನು ನಡೆಸಿದರು. ಆದುದರಿಂದ ಈ ವಿದ್ಯೆ ಒಂದು ಜಾತಿಯದಲ್ಲ, ಒಂದು ಮತದ್ದೂ ಅಲ್ಲ. ಉಸಿರಿಗೆ ಮತವಿಲ್ಲ. ಮಂತ್ರ ಹೇಳಲು ಇಷ್ಟವಿದ್ದವರು ಹೇಳಲಿ. ಬೇಡವೆನ್ನುವ ಸಾಬರನ್ನೋ ಕ್ರೈಸ್ತರನ್ನೋ ಅದಕ್ಕಾಗಿ ತರಗತಿಯಿಂದ ಹೊರಗಿಡುವುದು ಅನ್ಯಾಯ, ಅನಗತ್ಯ ಕೂಡ.

ಮಾಡುವ ಕ್ರಮ

ದುಡಿಯುವವರಿಗೆ ದಿನಕ್ಕೆ 20 ನಿಮಿಷ ಸಾಕು. ನೆಲದ ಮೇಲೆ ಒಂದು ಜಮಖಾನೆ ಹಾಸಿದರಾಯಿತು. ಹಣ ಕೊಟ್ಟು ಕೊಳ್ಳುವ ಸಾಮಾನು ಒಂದೂ ಬೇಡ.

ಮೊದಲು ಅಂಗಾತ ಮಲಗಿ, ಮೊಣಕಾಲು ಮಡಿಚಿ, ಪಾದಗಳನ್ನು ನೆಲಕ್ಕೆ ಊರಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಹೊಟ್ಟೆ ಮೇಲೇಳುವಂತೆ ಉಸಿರು ತೆಗೆದುಕೊಂಡು, ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೆ ಮಾಡಿದ ಬಳಿಕ ಒಂದೊಂದೇ ಮೊಣಕಾಲನ್ನು ಎದೆಯ ಕಡೆ ತಂದು ಕೈಯಿಂದ ಹಿಡಿದು ಬಿಡಿ. ನಂತರ ಕೈ ಮತ್ತು ಮೊಣಕಾಲು ಊರಿ, ಬೆಕ್ಕು ಮೈಮುರಿಯುವಂತೆ ಬೆನ್ನನ್ನು ಮೇಲಕ್ಕೆ ಬಾಗಿಸಿ, ಕೆಳಕ್ಕೆ ಇಳಿಸಿ. ಮತ್ತೆ ಅಂಗಾತವಾಗಿ ಪಾದ ಊರಿ ಸೊಂಟವನ್ನು ಸ್ವಲ್ಪ ಎತ್ತಿ ಇಳಿಸಿ; ಇದು ಸೇತುಬಂಧ. ಬೋರಲಾಗಿ ಮಲಗಿ ಕೈಗಳ ಮೇಲೆ ತಲೆಯಿಟ್ಟು ವಿಶ್ರಮಿಸಿದರೆ ಮಕರಾಸನ. ಮೊಣಕೈ ಊರಿ ಎದೆಯನ್ನು ಅಷ್ಟಿಷ್ಟು ಎತ್ತಿದರೆ ಭುಜಂಗಾಸನದ ಮೊದಲ ಮೆಟ್ಟಿಲು. ನೋವಿನ ಅಂಚಿನವರೆಗೆ ಹೋಗಿ, ಅದನ್ನು ದಾಟಬೇಡಿ. ತಲೆ ಕೆಳಗೆ ಕಾಲು ಮೇಲೆ ಮಾಡುವ ಶೀರ್ಷಾಸನ, ಬೆನ್ನನ್ನು ಒತ್ತಿ ಬಗ್ಗಿಸುವ ಹಲಾಸನಗಳ ಗೊಡವೆ ಬೇಡ. ನೆಲಕ್ಕೆ ಇಳಿಯಲಾರದ ಮಂಡಿನೋವಿನವರು ಕುರ್ಚಿಯ ಮೇಲೆ ಕುಳಿತೇ ಉಸಿರಿನ ಅಭ್ಯಾಸ ಮಾಡಲಿ.

ಕೊನೆಗೆ ಶವಾಸನ. ಧ್ಯಾನದ ಪಾಠ ಇರುವುದು ಇಲ್ಲಿ. ಕಾಲ ಬೆರಳಿನಿಂದ ತಲೆಯವರೆಗೆ ಒಂದೊಂದೇ ಅಂಗದ ಮೇಲೆ ಗಮನವಿಟ್ಟು ಮುಂದೆ ಹೋಗಿ. ನೋಯುವ ಜಾಗ ಬಂದಾಗ ಓಡಿಹೋಗಬೇಡಿ. ಅಲ್ಲಿರುವುದು ಉರಿಯೋ, ಸೆಳೆತವೋ, ಭಾರವೋ ಎಂದು ನೋಡಿ. ನೋವಿನ ಹಿಂದೆಯೇ ಚಿಂತೆಗಳು ಬರುತ್ತವೆ: "ನಾಳೆ ಪಾಳಿಗೆ ಹೋಗಲಾಗದಿದ್ದರೆ? ಸಂಘದ ಸಾಲದ ಕಂತು ಕಟ್ಟುವುದು ಹೇಗೆ?" ಬಂದ ಚಿಂತೆಯ ಜೊತೆ ವಾದಕ್ಕೆ ಇಳಿಯದೆ ಗಮನವನ್ನು ಮತ್ತೆ ಉಸಿರಿಗೆ ತನ್ನಿ. ನೂರು ಸಲ ತಪ್ಪಿದರೆ ನೂರು ಸಲ ತನ್ನಿ. ನೋವು ಬೇರೆ, ನೋವಿಗಾಗಿ ಪಡುವ ಸಂಕಟ ಬೇರೆ ಎಂಬುದು ಕ್ರಮೇಣ ಅನುಭವಕ್ಕೆ ಬರುತ್ತದೆ. 2011ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಾದ 15 ಜನರಿಗೆ ನಾಲ್ಕು ದಿನ ಧ್ಯಾನ ಕಲಿಸಿ, ಕಾಲಿಗೆ ಬಿಸಿ ತಾಗಿಸಿ ಪರೀಕ್ಷಿಸಿದಾಗ, ನೋವಿನ ತೀವ್ರತೆ 100ಕ್ಕೆ 40ರಷ್ಟು ಇಳಿದರೆ, ನೋವಿನ ಅಸಹನೆ 57ರಷ್ಟು ಇಳಿದಿತ್ತು. ಬಿಸಿ ತಾಗಿದ ನೋವು ಹಳೆಯ ಬೆನ್ನುನೋವಲ್ಲ, ನಿಜ. ಆದರೂ ಧ್ಯಾನದ ಹಿಡಿತ ಹೆಚ್ಚಾಗಿ ಎಲ್ಲಿದೆಯೆಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಿದ ಮೇಲೆಯೇ ಇದರ ಗುಣಾವಗುಣ ನಿರ್ಧರಿಸಬೇಕು. ಅಂಗಡಿಯಲ್ಲಿ ಕುಳಿತವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಗಿರಾಕಿ ಕಾಯುತ್ತಾನೆಂದು ಬೆನ್ನನ್ನು ಕಾಯಿಸಬೇಡಿ.

ಒಂದು ಎಚ್ಚರಿಕೆಯನ್ನು ಎಲ್ಲರೂ ನೆನಪಿಡಬೇಕು. ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬೆನ್ನುನೋವಿನ ಜೊತೆ ಜ್ವರ ಅಥವಾ ತೂಕ ಇಳಿಯುವುದು ಕಂಡರೆ, ಬಿದ್ದು ಪೆಟ್ಟಾಗಿ ನೋವು ಬಂದಿದ್ದರೆ, ಆಸನ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಕ್ಷಯರೋಗ ಬೆನ್ನುಮೂಳೆಗೂ ಬರುತ್ತದೆ. ಅದಕ್ಕೆ ಬೇಕಾದದ್ದು ಔಷಧ. ಡಾಕ್ಟರು ಕೊಟ್ಟ ಮದ್ದನ್ನು ಅವರನ್ನು ಕೇಳದೆ ಬಿಡಲೂಬಾರದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈಗ ಎರಡನೆಯ ಮಾತಿಗೆ ಬರೋಣ. ನಾಳೆ ಕೂಲಿ ತಪ್ಪೀತೆಂಬ ಚಿಂತೆ ನೋವನ್ನು ಹೆಚ್ಚಿಸುತ್ತದೆಂದು ಹೇಳಿದೆವಷ್ಟೆ. ಆ ಚಿಂತೆ ಮನಸ್ಸಿನ ಭ್ರಮೆಯೇ? ಅಲ್ಲ. ರಜೆ ಹಾಕಿದರೆ ಕೂಲಿ ನಿಜವಾಗಿಯೂ ತಪ್ಪುತ್ತದೆ. ಧ್ಯಾನ ಆ ರಾತ್ರಿ ನಿದ್ದೆ ತರಬಹುದು. ಆ ಚಿಂತೆಯ ಬೇರನ್ನು ಕೀಳಲು ಕೂಲಿ ಸಹಿತ ರಜೆಯೇ ಬೇಕು. ಬೆನ್ನನ್ನು ಸಡಿಲಗೊಳಿಸಲು ಭುಜಂಗಾಸನ ಸಾಕು. ಮಾರನೆಯ ದಿನ ಅದೇ ಬೆನ್ನಿನ ಮೇಲೆ ಅದೇ ಭಾರ ಹೇರುವುದನ್ನು ಯಾವ ಆಸನವೂ ತಡೆಯಲಾರದು. ದೋಷ ದುಡಿಮೆಯ ಏರ್ಪಾಡಿನಲ್ಲಿರುವಾಗ ದುಡಿಯುವವನಿಗೆ ಮಾತ್ರ ಪಾಠ ಹೇಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ವಿಶ್ವಸಂಸ್ಥೆಯ ನಿರ್ಣಯದಂತೆ 2015ರಿಂದ ಪ್ರತಿ ವರ್ಷ ಜೂನ್ 21ರಂದು ಯೋಗ ದಿನ ನಡೆಯುತ್ತಿದೆ. ಕೆಲಸದ ಸ್ಥಳದಲ್ಲೇ ಐದು ನಿಮಿಷ ಯೋಗ ಮಾಡುವ ಕ್ರಮವೊಂದನ್ನು ಕೇಂದ್ರದ ಆಯುಷ್ ಮಂತ್ರಾಲಯ 2021ರಲ್ಲಿ ಪ್ರಚಾರಕ್ಕೆ ತಂದಿತು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ನಮ್ಮ ಪ್ರಶ್ನೆ ಇಷ್ಟೆ: ಆ ಐದು ನಿಮಿಷ ಯಾರ ಲೆಕ್ಕಕ್ಕೆ? ಮಾಲೀಕರ ವೇಳೆಯಿಂದಲೋ, ಕಾರ್ಮಿಕರ ಊಟದ ವೇಳೆಯಿಂದಲೋ? ಉಳಿದ 475 ನಿಮಿಷಗಳಲ್ಲಿ ಅವರು ನಿಲ್ಲುವ, ಬಗ್ಗುವ, ಹೊರುವ ರೀತಿಯಲ್ಲಿ ಏನು ಬದಲಾವಣೆಯಾಯಿತು?

1948ರ ಫ್ಯಾಕ್ಟರಿ ಕಾಯಿದೆಯಲ್ಲಿ ಈ ವಿಷಯಗಳ ಪ್ರಸ್ತಾಪವಿತ್ತು. ಹಾನಿ ತರುವಷ್ಟು ಭಾರ ಹೊರಿಸಬಾರದೆಂದು 34ನೆಯ ಕಲಮು, ನಿಂತು ದುಡಿಯುವವರಿಗೆ ಕುಳಿತು ಸುಧಾರಿಸಿಕೊಳ್ಳಲು ಏರ್ಪಾಡಿರಬೇಕೆಂದು 44ನೆಯ ಕಲಮು, ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದು 55ನೆಯ ಕಲಮು ಹೇಳುತ್ತಿದ್ದವು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ ಬಂತು. ನಿಂತು ದುಡಿಯುವವರಿಗೆ ಕೂರುವ ಏರ್ಪಾಡಿನ ಮಾತು ಅದರಲ್ಲೂ ಇದೆ. ಕಾಗದದ ಮೇಲಿನ ಸ್ಟೂಲು ಯಂತ್ರದ ಪಕ್ಕಕ್ಕೆ ಬರಲು ಇನ್ನೆಷ್ಟು ವರ್ಷ ಬೇಕು?

ಇದರ ಮೇಲೆ, 2023ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಸಕಾಂಗ ಒಪ್ಪಿದ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. ವಾರದ ಒಟ್ಟು ಲೆಕ್ಕ ಸರಿಹೋಗಬಹುದು. ಆದರೆ ಬೆನ್ನಿಗೆ ವಾರದ ಲೆಕ್ಕ ಗೊತ್ತಿಲ್ಲ. ಒಂಬತ್ತನೆಯ ಗಂಟೆಯ ನೋವಿಗೆ ಹತ್ತನೆಯ, ಹನ್ನೊಂದನೆಯ ಗಂಟೆ ಸೇರಿಸಿ, ಮೂರು ದಿನ ಬಿಟ್ಟು ವಿಶ್ರಾಂತಿ ಕೊಟ್ಟರೆ ಲೆಕ್ಕ ಸರಿಹೋಗುವುದೆಂದು ಹೇಳುವವರು ಒಂದು ದಿನ ರೋವಿಂಗ್ ಯಂತ್ರದ ಮುಂದೆ ನಿಂತು ನೋಡಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ವಯಸ್ಕ ಗಂಡಸು ಕೈಯಾರೆ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಕ್ವಿಂಟಲ್ ಚೀಲ ಹೊತ್ತ ಹಮಾಲರನ್ನು ಕಂಡ ನಾಡಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯ ನೌಕರರ ವಿಷಯದಲ್ಲಿ ನೆರೆಯ ರಾಜ್ಯಗಳು ದಾರಿ ತೋರಿಸಿವೆ. ಕೇರಳದ ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಣ್ಣುಮಕ್ಕಳು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾಯಿದೆಯಾಗಿಸಿಕೊಂಡರು. 2021ರಲ್ಲಿ ತಮಿಳುನಾಡು ಅದೇ ಹೆಜ್ಜೆ ಇಟ್ಟಿತು. ನಮ್ಮ ಸಣ್ಣ ವ್ಯಾಪಾರಿಗಳು ಕಾಯಿದೆಗಾಗಿ ಕಾಯಬೇಕೆ? ತಮ್ಮ ಬೆನ್ನು ನೋಯುವಂತೆಯೇ ಅಂಗಡಿಯ ಹುಡುಗನ ಬೆನ್ನೂ ನೋಯುತ್ತದೆ. ಅವನಿಗೊಂದು ಸ್ಟೂಲು ಇಡಲು ಯಾರ ಅಪ್ಪಣೆಯೂ ಬೇಡ.

ಇ.ಎಸ್.ಐ. ವಿಮೆಯಲ್ಲಿರುವವರು ತಮ್ಮ ಹಕ್ಕನ್ನು ತಿಳಿದಿರಬೇಕು. ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ 100ಕ್ಕೆ 70 ಪಾಲು ಭತ್ಯವಿದೆ. ಬೆನ್ನುಮೂಳೆಯ ಬಿಲ್ಲೆ ಜಾರಿದವರಿಗೆ, ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದ್ದರೆ, ದೀರ್ಘಕಾಲದ ಕಾಯಿಲೆಗಳ ಪಟ್ಟಿಯ ಮೂಲಕ ಹೆಚ್ಚಿನ ಅವಧಿಯ ಭತ್ಯವೂ ಉಂಟು. ಡಾಕ್ಟರ ಸರ್ಟಿಫಿಕೇಟು ಪಡೆದು ಕೇಳಬೇಕು. ಕೇಳದವರಿಗೆ ಕರೆದು ಕೊಡುವವರಿಲ್ಲ.

ಏನಾಗಬೇಕು?

ಒಂದನೆಯದಾಗಿ, ಇ.ಎಸ್.ಐ. ಆಸ್ಪತ್ರೆಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಹಳೆಯ ನೋವಿನವರಿಗೆ ವಾರಕ್ಕೊಂದು ತರಗತಿ ನಡೆಯಲಿ. ಅಂಗಸಾಧನೆ ಬಲ್ಲವರೂ ಯೋಗ ಬಲ್ಲವರೂ ಸೇರಿ ಪಾಳಿಗೆ ತಕ್ಕ ವೇಳೆಯಲ್ಲಿ ಕಲಿಸಲಿ. ಎರಡನೆಯದಾಗಿ, ಕಾರ್ಖಾನೆಯಲ್ಲಿ ಯೋಗ ಮಾಡಿಸುವುದಾದರೆ ಅದು ಕೂಲಿಯ ವೇಳೆಯಲ್ಲಿರಲಿ, ಇಷ್ಟವಿದ್ದವರಿಗೆ ಮಾತ್ರ ಇರಲಿ. ಮೂರನೆಯದಾಗಿ, ಯಂತ್ರದ ಎತ್ತರ, ಕೂರುವ ಆಸನ, ಹೊರುವ ಭಾರ, ಬಿಡುವಿನ ವೇಳೆ, ಈ ನಾಲ್ಕನ್ನು ಕಾರ್ಮಿಕರ ಪ್ರತಿನಿಧಿಗಳ ಎದುರಿನಲ್ಲಿ ಅಳೆದು ಸರಿಪಡಿಸಲಿ. ನಾಲ್ಕನೆಯದಾಗಿ, ವಿಮೆಯಿಲ್ಲದ ಹಮಾಲರಿಗೂ ಬೀಡಿ ಕಟ್ಟುವವರಿಗೂ ಅಂಗಡಿಯ ನೌಕರರಿಗೂ ಕಾಯಿಲೆಯ ದಿನದ ಕೂಲಿ ಸಿಗುವ ಏರ್ಪಾಡಾಗಲಿ.

ಸರಕಾರ ಮಾಡಲೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಸಂಘದ ಕಚೇರಿ ಸಂಜೆಯ ಹೊತ್ತು ಖಾಲಿಯಿರುತ್ತದೆ. ಶಾಲೆಯ ಪಡಸಾಲೆ ಕೇಳಿದರೆ ಸಿಗುತ್ತದೆ. ಹತ್ತು ಜನ ಸೇರಿ, ಬಲ್ಲವರೊಬ್ಬರನ್ನು ಕರೆದು, ಹನ್ನೆರಡು ವಾರ ನಡೆಸಬಹುದು. ಹೆಣ್ಣುಮಕ್ಕಳಿಗೆ ಬೇರೆ ವೇಳೆ ಗೊತ್ತುಮಾಡಬೇಕು. ಗಿರಣಿಯಿಂದ ಬಂದು ಒಲೆಯ ಮುಂದೆ ನಿಲ್ಲುವವರಿಗೆ ಆ 20 ನಿಮಿಷ ಬಿಡುವು ಸಿಗಬೇಕಾದರೆ ಮನೆಯ ಗಂಡಸರು ನೀರು ತರಬೇಕು, ಮಕ್ಕಳನ್ನು ನೋಡಿಕೊಳ್ಳಬೇಕು. ಇದನ್ನು ಮಾಡದೆ "ನೀನೂ ಯೋಗ ಮಾಡು" ಎನ್ನುವುದಕ್ಕೂ ಮಾಲೀಕರ ಉಪದೇಶಕ್ಕೂ ಏನು ವ್ಯತ್ಯಾಸ?

ಹಾಗೆ ಹತ್ತು ಜನ ಸೇರಿದ ಕಡೆ ಇನ್ನೊಂದು ಕೆಲಸವೂ ನಡೆಯಲಿ. ಯಾವ ಖಾತೆಯವರಿಗೆ ಎಲ್ಲಿ ನೋವು, ಯಾವ ಕೆಲಸದಿಂದ ಬಂತು, ಎಷ್ಟು ದಿನದ ಕೂಲಿ ಹೋಯಿತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಕೆಲವರ ಬೆನ್ನು ಹಗುರವಾಗಿರುತ್ತದೆ. ಆಡಳಿತದವರ ಮೇಜಿನ ಮೇಲೆ ಇಡಲು ಎಲ್ಲರ ಪರವಾಗಿ ಒಂದು ಲೆಕ್ಕವೂ ಸಿದ್ಧವಾಗಿರುತ್ತದೆ.